ಐದು ಮಿಲಿಲೀಟರ್ ಉಸಿರು: ವೆಂಟಿಲೇಟರ್ ಮತ್ತು ತಿಂಗಳು ತುಂಬದೆ ಹುಟ್ಟಿದ ಮಗುವಿನ ಶ್ವಾಸಕೋಶ

ಹೋದ ಮಳೆಗಾಲದ ಮಾತು. ಇಂಟರ್ನಲ್ಸ್ ನಡೀತಾ ಇರುವಾಗಲೇ ನಮ್ಮ ಕ್ಲಾಸಿನ ಗೆಳತಿಯೊಬ್ಬಳು ರಜೆ ಹಾಕಿ ಊರಿಗೆ ಓಡಿದಳು. ಅವಳ ಊರು ಕಳಸದ ಹತ್ತಿರ, ಕಾಫಿ ತೋಟದ ನಡುವೆ. ಅವಳ ಅಕ್ಕನಿಗೆ 29ನೇ ವಾರಕ್ಕೇ ಹೆರಿಗೆ ನೋವು ಕಾಣಿಸಿಕೊಂಡಿತ್ತು. ಹತ್ತಿರದ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟು, "ಇಲ್ಲಿ ಆಗಲ್ಲ, ತಡ ಮಾಡಬೇಡಿ" ಅಂತ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮಾರನೇ ದಿನ ಮಗು ಹುಟ್ಟಿತು. ತೂಕ 1 ಕೆಜಿ 100 ಗ್ರಾಂ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ವೆಂಟಿಲೇಟರ್ ಹಾಕಿದರು.

ಮೂರನೇ ದಿನ ಡಾಕ್ಟರ್ ಬಂದು, "ಆದಷ್ಟು ಬೇಗ ಮಗುವನ್ನ ಈ ಮೆಷಿನ್‌ನಿಂದ ಬಿಡಿಸಬೇಕು" ಅಂದಾಗ ಹೊರಗೆ ಕೂತಿದ್ದ ಅಜ್ಜಿಗೆ ದಿಗಿಲಾಯಿತು. "ಉಸಿರು ಆಡ್ತಾ ಇರೂದೇ ಆ ಮೆಷಿನ್ನಿಂದ. ಅದನ್ನೇ ತೆಗೆದ್ರೆ ಮಗು ಎಂತ ಮಾಡೂದು?" ಅಂತ ಅಜ್ಜಿ ಕೇಳಿದ ಪ್ರಶ್ನೆಯನ್ನ ಗೆಳತಿ ಆ ರಾತ್ರಿಯೇ ನಮಗೆ ಫೋನ್ ಮಾಡಿ ಕೇಳಿದಳು. "ನೀವೆಲ್ಲ ಮೆಕ್ಯಾನಿಕಲ್ಲು, ಇಸಿ ಅಂತ ಓದ್ತೀರಲ್ಲ, ಅಜ್ಜಿಗೆ ಏನು ಹೇಳ್ಲಿ ಹೇಳ್ರೋ" ಅಂದಳು.

ನಮ್ಮ ಹತ್ತಿರ ಉತ್ತರ ಇರಲಿಲ್ಲ. ವೆಂಟಿಲೇಟರ್ ಅಂದರೆ ಜೀವ ಉಳಿಸುವ ಯಂತ್ರ, ಅಷ್ಟೇ ಗೊತ್ತಿದ್ದಿದ್ದು. ಆಮೇಲೆ ನಾಲ್ಕೈದು ಜನ ಕೂತು ಓದಿದೆವು, ಪರಿಚಯದ ಮಕ್ಕಳ ವೈದ್ಯರನ್ನೂ ಕೇಳಿದೆವು. ಓದುತ್ತಾ ಹೋದ ಹಾಗೆ ಗೊತ್ತಾಗಿದ್ದು ಇಷ್ಟು: ಜೀವ ಉಳಿಸುವ ಅದೇ ಯಂತ್ರ, ಅದೇ ಹೊತ್ತಿನಲ್ಲಿ, ಆ ಪುಟ್ಟ ಶ್ವಾಸಕೋಶಕ್ಕೆ ಗಾಯವನ್ನೂ ಮಾಡಬಲ್ಲದು. ಅದು ಹೇಗೆ ಅನ್ನೋದು ನಮ್ಮ ಸಿಲಬಸ್‌ನೊಳಗೇ ಇದೆ. ಬೇರೆ ಬೇರೆ ಸೆಮಿಸ್ಟರ್‌ಗಳಲ್ಲಿ ಚದುರಿಹೋಗಿದೆ, ಅಷ್ಟೇ.

ಇನ್ನೂ ಕಟ್ಟಿ ಮುಗಿಯದ ಶ್ವಾಸಕೋಶ

ಶ್ವಾಸಕೋಶವನ್ನ ತಲೆಕೆಳಗಾದ ಒಂದು ಮರ ಅಂದುಕೊಳ್ಳಿ. ಶ್ವಾಸನಾಳವೇ ಕಾಂಡ. ಅದು ಕವಲೊಡೆದು, ಆ ಕವಲು ಮತ್ತೆ ಕವಲೊಡೆದು, ಕೊನೆಯಲ್ಲಿ ಸಣ್ಣ ಸಣ್ಣ ಗಾಳಿಗೂಡುಗಳು. ಆಮ್ಲಜನಕ ರಕ್ತಕ್ಕೆ ಸೇರೋದು, ಇಂಗಾಲದ ಡೈಆಕ್ಸೈಡ್ ಹೊರಗೆ ಬರೋದು ಈ ಗಾಳಿಗೂಡುಗಳಲ್ಲೇ.

ಗರ್ಭದ ಸುಮಾರು 16ನೇ ವಾರದ ಹೊತ್ತಿಗೆ ಗಾಳಿ ಸಾಗಿಸುವ ಕೊಂಬೆಗಳೆಲ್ಲ ಮೂಡಿ ಮುಗಿದಿರುತ್ತವೆ. 16ರಿಂದ 26ನೇ ವಾರದವರೆಗೆ ಕೊಂಬೆಯ ತುದಿಗಳ ಸುತ್ತ ರಕ್ತನಾಳಗಳು ಹತ್ತಿರ ಬಂದು ಹೆಣೆದುಕೊಳ್ಳುತ್ತವೆ. 24ನೇ ವಾರದ ಆಸುಪಾಸಿನಿಂದ ತುದಿಗಳಲ್ಲಿ ಚೀಲದಂಥ ರಚನೆಗಳು ಕಾಣಿಸಿಕೊಳ್ಳುತ್ತವೆ. ಈ ಚೀಲಗಳ ಒಳಗೆ ಗೋಡೆಗಳೆದ್ದು ನಿಜವಾದ ಗಾಳಿಗೂಡುಗಳಾಗೋದು ಸುಮಾರು 36ನೇ ವಾರದಿಂದ. ಅದೂ ಅಲ್ಲಿಗೆ ಮುಗಿಯಲ್ಲ. ದೊಡ್ಡವರ ಶ್ವಾಸಕೋಶದಲ್ಲಿ 30 ಕೋಟಿಗೂ ಹೆಚ್ಚು ಗಾಳಿಗೂಡುಗಳಿವೆ. ಅವುಗಳಲ್ಲಿ ಬಹುಪಾಲು ಹುಟ್ಟಿದ ಮೇಲೆ, ಮುಂದಿನ ವರ್ಷಗಳಲ್ಲಿ ಮೂಡಿದಂಥವು.

ಅಂದರೆ 29ನೇ ವಾರಕ್ಕೆ ಹುಟ್ಟಿದ ಮಗುವಿನದು ಬರೀ ಚಿಕ್ಕ ಶ್ವಾಸಕೋಶ ಅಲ್ಲ, ಇನ್ನೂ ಕಟ್ಟಡದ ಕೆಲಸ ನಡೀತಾ ಇರುವ ಶ್ವಾಸಕೋಶ. ಕಾಂಕ್ರೀಟ್ ಹಾಕಿ ಇನ್ನೂ ಕ್ಯೂರಿಂಗ್ ಆಗದ ಸ್ಲ್ಯಾಬ್ ಮೇಲೆ ಲೋಡ್ ಹಾಕಬಾರದು ಅಂತ ಸಿವಿಲ್‌ನವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಬೇರೆ ದಾರಿಯಿಲ್ಲದೆ ಲೋಡ್ ಹಾಕಬೇಕಾಗುತ್ತೆ.

ಸೋಪಿನ ಗುಳ್ಳೆಯ ಲೆಕ್ಕ

ಗಾಳಿಗೂಡಿನ ಒಳಗೋಡೆ ಯಾವಾಗಲೂ ತೇವ. ತೇವ ಇದ್ದಲ್ಲಿ ಮೇಲ್ಮೈ ಸೆಳೆತ ಇರುತ್ತೆ. ಆ ಸೆಳೆತ ಗೂಡನ್ನ ಒಳಕ್ಕೆ ಎಳೆದು ಮುಚ್ಚೋಕೆ ನೋಡುತ್ತೆ. ಲಾಪ್ಲಾಸ್ ಸೂತ್ರ ನೆನಪಿದೆಯಲ್ವಾ? ಮುಚ್ಚಿಹೋಗದಂತೆ ತಡೆಯಲು ಬೇಕಾದ ಒತ್ತಡ = 2 × ಮೇಲ್ಮೈ ಸೆಳೆತ ÷ ತ್ರಿಜ್ಯ.

ದೇಹದ ಉಷ್ಣತೆಯಲ್ಲಿ ನೀರಿನ ಮೇಲ್ಮೈ ಸೆಳೆತ ಮೀಟರಿಗೆ ಸುಮಾರು 0.07 ನ್ಯೂಟನ್. ತ್ರಿಜ್ಯ 50 ಮೈಕ್ರಾನ್ ಅಂದುಕೊಂಡರೆ ಒತ್ತಡ 2,800 ಪ್ಯಾಸ್ಕಲ್ ಬರುತ್ತೆ. ವೈದ್ಯರ ಭಾಷೆಯಲ್ಲಿ ಸುಮಾರು 28 ಸೆಂ.ಮೀ. ನೀರಿನ ಒತ್ತಡ. ಪ್ರತಿ ಉಸಿರಿಗೂ ಇಷ್ಟು ಒತ್ತಡದ ವಿರುದ್ಧ ಹೋರಾಡೋದು ಒಂದು ಕೆಜಿ ಮಗುವಿನಿಂದ ಆಗದ ಕೆಲಸ.

ಇದಕ್ಕೆ ದೇಹವೇ ಒಂದು ಉಪಾಯ ಮಾಡಿಕೊಂಡಿದೆ. ಗಾಳಿಗೂಡಿನ ಕೆಲವು ಜೀವಕೋಶಗಳು ಸರ್ಫ್ಯಾಕ್ಟಂಟ್ ಅನ್ನೋ ಜಿಡ್ಡಿನ ಪದಾರ್ಥವನ್ನ ಸ್ರವಿಸುತ್ತವೆ. ಪಾತ್ರೆ ತೊಳೆಯುವ ಸೋಪು ನೀರಿಗೆ ಏನು ಮಾಡುತ್ತೋ ಅದೇ ಕೆಲಸ. ಮೇಲ್ಮೈ ಸೆಳೆತ ಏಳನೇ ಒಂದು ಭಾಗಕ್ಕೆ ಇಳಿದರೆ ಬೇಕಾದ ಒತ್ತಡವೂ 28ರಿಂದ 4 ಸೆಂ.ಮೀ.ಗೆ ಇಳಿಯುತ್ತೆ. ತೊಂದರೆ ಏನಂದರೆ ಈ ಪದಾರ್ಥ ಸಾಕಷ್ಟು ತಯಾರಾಗೋದು ಸುಮಾರು 34-35ನೇ ವಾರದ ಹೊತ್ತಿಗೆ.

ತಿಂಗಳು ತುಂಬದ ಮಕ್ಕಳ ಉಸಿರಾಟದ ತೊಂದರೆಗೆ ಸರ್ಫ್ಯಾಕ್ಟಂಟ್ ಕೊರತೆಯೇ ಕಾರಣ ಅಂತ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ತೋರಿಸಿದ್ದು 1959ರಲ್ಲಿ. ನಾಲ್ಕು ವರ್ಷದ ನಂತರ, 1963ರ ಆಗಸ್ಟಿನಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಸುಮಾರು ಐದೂವರೆ ವಾರ ಮೊದಲು ಹುಟ್ಟಿ, ಎರಡು ದಿನ ತುಂಬುವ ಮೊದಲೇ ಇದೇ ಕಾಯಿಲೆಯಿಂದ ತೀರಿಕೊಂಡ. ಜಗತ್ತಿನ ಅತ್ಯಂತ ಪ್ರಬಲ ದೇಶದ ಅಧ್ಯಕ್ಷನ ಮಗುವಿಗೂ ಆಗ ಇದಕ್ಕೆ ಸರಿಯಾದ ಚಿಕಿತ್ಸೆ ಇರಲಿಲ್ಲ. 1980ರಲ್ಲಿ ಜಪಾನಿನ ಫುಜಿವಾರಾ ಮತ್ತು ಸಂಗಡಿಗರು ಹೊರಗಿನಿಂದ ಸರ್ಫ್ಯಾಕ್ಟಂಟ್ ಕೊಟ್ಟು ಮಕ್ಕಳು ಸುಧಾರಿಸಿದ್ದನ್ನ ವರದಿ ಮಾಡಿದರು. ಈಗ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಅದು ಸಾಮಾನ್ಯ ಚಿಕಿತ್ಸೆ.

ಎಳೆಯೋದು ಬೇರೆ, ತಳ್ಳೋದು ಬೇರೆ

ನಾವು ಉಸಿರಾಡುವಾಗ ವಪೆ ಕೆಳಗಿಳಿಯುತ್ತೆ, ಎದೆಯ ಒಳಗೆ ಒತ್ತಡ ಕಡಿಮೆಯಾಗುತ್ತೆ, ಗಾಳಿ ತಾನಾಗಿ ಒಳಗೆ ಬರುತ್ತೆ. ನಾವು ಗಾಳಿಯನ್ನ ಎಳೆದುಕೊಳ್ತೀವಿ. ವೆಂಟಿಲೇಟರ್ ಇದಕ್ಕೆ ಉಲ್ಟಾ. ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸಿದ ಟ್ಯೂಬಿನಿಂದ ಅದು ಗಾಳಿಯನ್ನ ತಳ್ಳುತ್ತೆ. ತಳ್ಳಿದ ಗಾಳಿ ಸುಲಭದ ದಾರಿ ಹುಡುಕುತ್ತೆ. ಸರ್ಫ್ಯಾಕ್ಟಂಟ್ ಇಲ್ಲದೆ ಮುಚ್ಚಿಕೊಂಡಿರುವ ಜಾಗಕ್ಕೆ ಹೋಗಲ್ಲ. ಈಗಾಗಲೇ ತೆರೆದಿರುವ ಕೆಲವೇ ಗೂಡುಗಳಿಗೆ ನುಗ್ಗಿ ಅವನ್ನೇ ಮತ್ತೆ ಹಿಗ್ಗಿಸುತ್ತೆ.

ಗಾತ್ರದ ಅಂದಾಜು ಮಾಡಿಕೊಳ್ಳಿ. ಇಂಥ ಮಗುವಿಗೆ ಒಂದು ಉಸಿರಿಗೆ ಬೇಕಾದ ಗಾಳಿ, ಪ್ರತಿ ಕೆಜಿ ತೂಕಕ್ಕೆ 4ರಿಂದ 6 ಮಿಲಿಲೀಟರ್. ನಮ್ಮ ಗೆಳತಿಯ ಅಕ್ಕನ ಮಗುವಿಗೆ ಸುಮಾರು 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚ. ಟ್ಯೂಬಿನ ಒಳವ್ಯಾಸ 3 ಮಿಲಿಮೀಟರ್. ಪ್ವಾಸೆಯ ಸೂತ್ರದ ಪ್ರಕಾರ ಪ್ರತಿರೋಧ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮ. ಆ ಟ್ಯೂಬಿನಲ್ಲಿ ಸ್ವಲ್ಪ ಕಫ ಕಟ್ಟಿಕೊಂಡರೂ ಲೆಕ್ಕವೆಲ್ಲ ಬದಲಾಗುತ್ತೆ.

2020ರಲ್ಲಿ ಕೋವಿಡ್ ಬಂದಾಗ ಬೆಂಗಳೂರಿನ ಬಿಇಎಲ್ ಕಂಪನಿ, ಮೈಸೂರಿನ ಸ್ಕ್ಯಾನ್‌ರೇ ಜೊತೆ ಸೇರಿ 30,000 ವೆಂಟಿಲೇಟರ್ ಮಾಡುವ ಕೆಲಸಕ್ಕೆ ಇಳಿದದ್ದು ನಿಮಗೆ ನೆನಪಿರಬಹುದು. ದೊಡ್ಡವರ ಒಂದು ಉಸಿರು 400-500 ಮಿಲಿಲೀಟರ್. ಅಲ್ಲಿ 10 ಮಿಲಿಲೀಟರ್ ಹೆಚ್ಚುಕಡಿಮೆಯಾದರೆ ಯಾರಿಗೂ ಗೊತ್ತಾಗಲ್ಲ. ಇಲ್ಲಿ 10 ಮಿಲಿಲೀಟರ್ ಅಂದರೆ ಎರಡು ಉಸಿರು! ಮೆಷಿನ್‌ನಿಂದ ಮಗುವಿನವರೆಗಿನ ಪೈಪು ಒತ್ತಡಕ್ಕೆ ಸ್ವಲ್ಪ ಹಿಗ್ಗಿದರೆ, ಒಳಗಿನ ಗಾಳಿ ಸ್ವಲ್ಪ ಅದುಮಿಕೊಂಡರೆ, ಅಲ್ಲೇ ಮಗುವಿನ ಉಸಿರಿಗಿಂತ ಹೆಚ್ಚು ಗಾಳಿ ಉಳಿದುಬಿಡಬಹುದು. ಟ್ಯೂಬಿನ ಪಕ್ಕದಿಂದ ಗಾಳಿ ಸೋರೋದು ಬೇರೆ. ಅದಕ್ಕೇ ನವಜಾತ ಶಿಶುಗಳ ವೆಂಟಿಲೇಟರಿನಲ್ಲಿ ಗಾಳಿಯ ಹರಿವು ಅಳೆಯುವ ಸೆನ್ಸರ್ ಅನ್ನ ಮೆಷಿನ್ ಒಳಗಲ್ಲ, ಮಗುವಿನ ಬಾಯಿಯ ಹತ್ತಿರ ಇಡ್ತಾರೆ.

ಗಾಯ ಆಗೋದು ಹೇಗೆ?

ಮೊದಲನೆಯದು, ಅತಿಯಾಗಿ ಹಿಗ್ಗುವುದು. ತುಂಬಾ ದಿನ ಎಲ್ಲರೂ ಒತ್ತಡವೇ ಅಪರಾಧಿ ಅಂದುಕೊಂಡಿದ್ದರು. 1988ರಲ್ಲಿ ಫ್ರಾನ್ಸಿನ ಡ್ರೈಫಸ್ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗ ಲೆಕ್ಕ ಬದಲಿಸಿತು. ಎದೆಗೆ ಪಟ್ಟಿ ಬಿಗಿದು ಹಿಗ್ಗದಂತೆ ಮಾಡಿದಾಗ, ಹೆಚ್ಚಿನ ಒತ್ತಡ ಕೊಟ್ಟರೂ ಶ್ವಾಸಕೋಶಕ್ಕೆ ಅಂಥ ಹಾನಿಯಾಗಲಿಲ್ಲ. ಒತ್ತಡ ಹೇಗೇ ಇರಲಿ, ಗಾತ್ರ ಅತಿಯಾಗಿ ಹಿಗ್ಗಿದಾಗ ನೀರು ತುಂಬಿಕೊಂಡಿತು. ಮಟೀರಿಯಲ್ಸ್ ಲ್ಯಾಬಿನ ಭಾಷೆಯಲ್ಲಿ ಹೇಳೋದಾದರೆ ಇಲ್ಲಿ ಮುರಿಯೋದು ಸ್ಟ್ರೆಸ್ ನೋಡಿ ಅಲ್ಲ, ಸ್ಟ್ರೇನ್ ನೋಡಿ.

ಇದಕ್ಕೆ ಹೊಂದುವ ಇನ್ನೊಂದು ಪ್ರಯೋಗ 1997ರದ್ದು. ಸ್ವೀಡನ್ನಿನ ಬ್ಯೋರ್ಕ್ಲುಂಡ್ ಮತ್ತು ಸಂಗಡಿಗರು ಅವಧಿಗೆ ಮೊದಲೇ ಹುಟ್ಟಿಸಿದ ಕುರಿಮರಿಗಳಿಗೆ ಹುಟ್ಟಿದ ತಕ್ಷಣ ಬರೀ ಆರು ದೊಡ್ಡ ಉಸಿರು ಕೊಟ್ಟರು. ಆಮೇಲೆ ಸರ್ಫ್ಯಾಕ್ಟಂಟ್ ಕೊಟ್ಟರೂ ಅದು ಸರಿಯಾಗಿ ಕೆಲಸ ಮಾಡಲಿಲ್ಲ. ಆರೇ ಉಸಿರು!

ಎರಡನೆಯದು, ಮುಚ್ಚಿ ತೆರೆಯುವುದು. ಉಸಿರು ಹೊರಗೆ ಹೋದಾಗ ಗೂಡು ಪೂರ್ತಿ ಮುಚ್ಚಿಕೊಂಡು, ಮುಂದಿನ ಉಸಿರಿಗೆ ಅಂಟು ಬಿಡಿಸಿಕೊಂಡು ತೆರೆದರೆ ಪ್ರತಿ ಸಲವೂ ಗೋಡೆ ತರಚುತ್ತೆ. ನಿಮಿಷಕ್ಕೆ 40 ಉಸಿರು ಅಂದರೆ ದಿನಕ್ಕೆ 57,600 ಸಲ. ಫೆಟೀಗ್ ಟೆಸ್ಟ್ ಮಾಡಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಇದನ್ನ ತಪ್ಪಿಸೋಕೇ ಉಸಿರು ಬಿಟ್ಟಾಗಲೂ ಒಳಗೆ ಸ್ವಲ್ಪ ಒತ್ತಡ, ಸಾಮಾನ್ಯವಾಗಿ 5 ಸೆಂ.ಮೀ. ನೀರಿನಷ್ಟು, ಉಳಿಸ್ತಾರೆ. ಅದಕ್ಕೆ ಪೀಪ್ ಅಂತಾರೆ.

ಮೂರನೆಯದು ಆಮ್ಲಜನಕವೇ. ಗರ್ಭದೊಳಗೆ ಮಗು ಬೆಳೆಯೋದು ತುಂಬಾ ಕಡಿಮೆ ಆಮ್ಲಜನಕದಲ್ಲಿ. ಅದಕ್ಕೆ ನಮ್ಮ ಮಾಮೂಲಿ ಗಾಳಿಯ 21 ಪರ್ಸೆಂಟೇ ದೊಡ್ಡ ಜಿಗಿತ. ಶುದ್ಧ ಆಮ್ಲಜನಕ ಕೊಟ್ಟರೆ ಅದರಿಂದ ಹುಟ್ಟುವ ಚುರುಕಾದ ಅಣುಗಳನ್ನ ತಡೆಯುವ ವ್ಯವಸ್ಥೆ ಆ ದೇಹದಲ್ಲಿ ಇನ್ನೂ ತಯಾರಾಗಿರಲ್ಲ. ಶ್ವಾಸಕೋಶಕ್ಕೂ ಪೆಟ್ಟು, ಕಣ್ಣಿನ ರೆಟಿನಾಗೂ ಪೆಟ್ಟು. ಅದಕ್ಕೇ ರಕ್ತದ ಆಮ್ಲಜನಕದ ಮಟ್ಟವನ್ನ 90ರಿಂದ 95 ಪರ್ಸೆಂಟ್ ನಡುವೆ ಇಡೋಕೆ ನೋಡ್ತಾರೆ. ಹೊರಗಿನಿಂದ ಆಮ್ಲಜನಕ ಕೊಡ್ತಾ ಇರುವಾಗ ಮಾನಿಟರಿನಲ್ಲಿ 100 ಕಂಡರೆ ಮನೆಯವರಿಗೆ ಖುಷಿ, ಡಾಕ್ಟರಿಗೆ ಚಿಂತೆ.

ನಾಲ್ಕನೆಯದು ಉರಿಯೂತ. ಹೀಗೆ ತರಚಿದ ಗೋಡೆ ರಾಸಾಯನಿಕ ಸಂದೇಶಗಳನ್ನ ಬಿಡುತ್ತೆ, ಬಿಳಿ ರಕ್ತಕಣಗಳು ಬರುತ್ತವೆ, ಊತ ಹೆಚ್ಚುತ್ತೆ. ಊತ ಹೆಚ್ಚಿದರೆ ಶ್ವಾಸಕೋಶ ಬಿಗಿಯಾಗುತ್ತೆ. ಬಿಗಿಯಾದರೆ ಮೆಷಿನ್ ಇನ್ನೂ ಹೆಚ್ಚು ತಳ್ಳಬೇಕಾಗುತ್ತೆ. ಇದು ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್, ತನ್ನಷ್ಟಕ್ಕೆ ನಿಲ್ಲಲ್ಲ. ಟ್ಯೂಬಿನ ಮೂಲಕ ಸೋಂಕು ಸೇರಿಕೊಂಡರೆ ಇನ್ನೂ ಕಷ್ಟ.

ಇದೆಲ್ಲದರ ಫಲವಾಗಿ ಬರುವ ದೀರ್ಘಕಾಲದ ಕಾಯಿಲೆಯ ಹೆಸರು ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ, ಚಿಕ್ಕದಾಗಿ ಬಿಪಿಡಿ. 1967ರಲ್ಲಿ ನಾರ್ತ್‌ವೇ ಮತ್ತು ಸಂಗಡಿಗರು ಇದನ್ನ ಮೊದಲು ವಿವರಿಸಿದಾಗ ವೆಂಟಿಲೇಟರ್ ಹಾಕಿದ ಮಕ್ಕಳ ಶ್ವಾಸಕೋಶದಲ್ಲಿ ಗಾಯದ ಗುರುತುಗಳು ಎದ್ದು ಕಾಣುತ್ತಿದ್ದವು. ಈಗಿನ ಬಿಪಿಡಿ ಬೇರೆ ಥರ. ಗಾಯದ ಗುರುತು ಕಡಿಮೆ. ಆದರೆ ಬೆಳವಣಿಗೆ ನಿಂತುಹೋಗಿರುತ್ತೆ. ಕೋಟಿಗಟ್ಟಲೆ ಸಣ್ಣ ಗೂಡುಗಳಾಗಬೇಕಾದಲ್ಲಿ ಕೆಲವೇ ದೊಡ್ಡ ಗೂಡುಗಳು. ಗಾಳಿ ಹಿಡಿಸುವ ಜಾಗ ಇದೆ, ರಕ್ತಕ್ಕೆ ಆಮ್ಲಜನಕ ದಾಟಿಸುವ ಮೇಲ್ಮೈ ಇಲ್ಲ.

ಬದಲಾಗ್ತಾನೇ ಇರುವ ಕೆಪಾಸಿಟರ್

ಇಸಿಯವರಿಗೆ ಇಷ್ಟವಾಗುವ ಭಾಗ ಇದು. ಶ್ವಾಸಕೋಶವನ್ನ ಆರ್‌ಸಿ ಸರ್ಕ್ಯೂಟ್ ಅಂತ ಬರೆದುಬಿಡಬಹುದು. ಗಾಳಿದಾರಿಯ ಪ್ರತಿರೋಧವೇ ರೆಸಿಸ್ಟರ್, ಹಿಗ್ಗುವ ಗುಣವೇ ಕೆಪಾಸಿಟರ್. ಒಳಹೋಗುವ ಗಾಳಿಯ ಗಾತ್ರ = ಹಿಗ್ಗುವ ಗುಣ × ಒತ್ತಡದ ವ್ಯತ್ಯಾಸ.

ಒಂದು ಉದಾಹರಣೆ. ಸರ್ಫ್ಯಾಕ್ಟಂಟ್ ಇಲ್ಲದ ಬಿಗಿ ಶ್ವಾಸಕೋಶ, ಪ್ರತಿ ಸೆಂ.ಮೀ. ನೀರಿನ ಒತ್ತಡಕ್ಕೆ ಅರ್ಧ ಮಿಲಿಲೀಟರ್ ಹಿಗ್ಗುತ್ತೆ ಅನ್ನಿ. 10 ಸೆಂ.ಮೀ. ಒತ್ತಡ ಕೊಟ್ಟರೆ 5 ಮಿಲಿಲೀಟರ್, ನಮಗೆ ಬೇಕಾದಷ್ಟೇ. ಈಗ ಸರ್ಫ್ಯಾಕ್ಟಂಟ್ ಕೊಟ್ಟರು. ಮಗು ಸುಧಾರಿಸಿತು, ಹಿಗ್ಗುವ ಗುಣ ಮೂರು ಪಟ್ಟಾಯಿತು. ಮೆಷಿನ್ ಸೆಟ್ಟಿಂಗ್ ಯಾರೂ ಮುಟ್ಟಲಿಲ್ಲ. ಅದೇ 10 ಸೆಂ.ಮೀ.ಗೆ ಈಗ 15 ಮಿಲಿಲೀಟರ್ ನುಗ್ಗುತ್ತೆ! ಮಗು ಸುಧಾರಿಸಿದ್ದೇ ಅಪಾಯವಾಯಿತು. ಜೊತೆಗೆ ಟೈಮ್ ಕಾನ್‌ಸ್ಟಂಟ್ ಕೂಡ ಮೂರು ಪಟ್ಟಾಗಿರೋದರಿಂದ ಉಸಿರು ಹೊರಗೆ ಹೋಗೋಕೂ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಕೊಡದಿದ್ದರೆ ಗಾಳಿ ಒಳಗೇ ಉಳಿದು ಗುಡ್ಡೆಯಾಗುತ್ತೆ.

ಗಾಳಿ ಹೆಚ್ಚಾದರೆ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುತ್ತೆ. ಅದು ತುಂಬಾ ಇಳಿದರೆ ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ. ಅಂದರೆ ತಪ್ಪು ಶ್ವಾಸಕೋಶದಲ್ಲಿ, ಪೆಟ್ಟು ಮಿದುಳಿಗೆ.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಗೊತ್ತಿರುವ ಕಥೆ: ಪ್ಲಾಂಟ್ ಬದಲಾಗಿದೆ, ಕಂಟ್ರೋಲರ್ ಹಳೇ ಸೆಟ್ಟಿಂಗ್‌ನಲ್ಲಿದೆ. ಪರಿಹಾರವೂ ಅಲ್ಲೇ ಇದೆ. ಈಗಿನ ವೆಂಟಿಲೇಟರುಗಳಲ್ಲಿ ಒತ್ತಡ ಫಿಕ್ಸ್ ಮಾಡುವ ಬದಲು ಗಾತ್ರವನ್ನ ಗುರಿಯಾಗಿ ಕೊಡಬಹುದು. "5 ಮಿಲಿಲೀಟರ್ ಬೇಕು" ಅಂದರೆ ಮೆಷಿನ್ ಹಿಂದಿನ ಉಸಿರುಗಳನ್ನ ಅಳೆದು ಮುಂದಿನದರ ಒತ್ತಡವನ್ನ ತಾನೇ ಇಳಿಸುತ್ತೆ, ಏರಿಸುತ್ತೆ. ಹೀಗೆ ಗಾತ್ರ ಗುರಿಯಿಟ್ಟ ಮಕ್ಕಳಲ್ಲಿ ಬಿಪಿಡಿ, ಶ್ವಾಸಕೋಶ ತೂತಾಗೋದು ಕಡಿಮೆ ಅಂತ ಅನೇಕ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದಾಗ ಕಂಡುಬಂದಿದೆ. ಸೆನ್ಸರ್ ಮತ್ತು ಫೀಡ್‌ಬ್ಯಾಕ್ ಜೀವ ಕಾಯುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ನಮಗೆ ಸಿಗಲಿಲ್ಲ.

ಒಂದು ಬಾಟಲಿ ನೀರು

ಇಷ್ಟೆಲ್ಲ ಆದಮೇಲೆ ಒಂದು ಪ್ರಶ್ನೆ. ಟ್ಯೂಬೇ ಹಾಕದೆ, ತಳ್ಳದೇ ಇರೋಕಾಗಲ್ವಾ?

1971ರಲ್ಲಿ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ. ಉಸಿರಾಡುವ ಕೆಲಸ ಮಗುವಿಗೇ ಬಿಟ್ಟು, ಗೂಡುಗಳು ಮುಚ್ಚಿಕೊಳ್ಳದಷ್ಟು ಒತ್ತಡ ಮಾತ್ರ ನಿರಂತರವಾಗಿ ಕೊಟ್ಟರು. ಇದೇ ಸಿಪ್ಯಾಪ್. ಅವರ ಮೊದಲ 20 ಮಕ್ಕಳಲ್ಲಿ 16 ಉಳಿದವು. ಆ ಕಾಲಕ್ಕೆ ಅದು ದೊಡ್ಡ ಸುದ್ದಿ.

ಇದರ ಅತಿ ಸರಳ ರೂಪ ಬಬಲ್ ಸಿಪ್ಯಾಪ್. ಗಾಳಿ ಮತ್ತು ಆಮ್ಲಜನಕದ ಮಿಶ್ರಣ ಮೂಗಿನ ಸಣ್ಣ ನಳಿಕೆಗಳ ಮೂಲಕ ಬರುತ್ತೆ. ಹೊರಹೋಗುವ ಪೈಪಿನ ತುದಿಯನ್ನ ನೀರಿನ ಬಾಟಲಿಯಲ್ಲಿ 5 ಸೆಂ.ಮೀ. ಆಳಕ್ಕೆ ಮುಳುಗಿಸಿಡ್ತಾರೆ, ಅಷ್ಟೇ. ಫ್ಲೂಯಿಡ್ ಮೆಕ್ಯಾನಿಕ್ಸ್ ಮೊದಲ ಪಾಠ: ಒತ್ತಡ ಅಂದರೆ ಸಾಂದ್ರತೆ × ಗುರುತ್ವ × ಆಳ. ಒತ್ತಡ ಹೆಚ್ಚಾದರೆ ಗುಳ್ಳೆಯಾಗಿ ಹೊರಗೆ ಹೋಗುತ್ತೆ. ಬಾಟಲಿಯೇ ಗೇಜು, ಬಾಟಲಿಯೇ ಸೇಫ್ಟಿ ವಾಲ್ವು. ಒಟ್ಟು ಒತ್ತಡ ಸುಮಾರು 490 ಪ್ಯಾಸ್ಕಲ್, ವಾತಾವರಣದ ಒತ್ತಡದ ಅರ್ಧ ಪರ್ಸೆಂಟ್. ಅಷ್ಟು ಸಣ್ಣ ಆಸರೆ ಸಾಕು.

1987ರಲ್ಲಿ ಏವರಿ ಮತ್ತು ಸಂಗಡಿಗರು ಅಮೆರಿಕದ ಎಂಟು ಕೇಂದ್ರಗಳನ್ನ ಹೋಲಿಸಿ ನೋಡಿದಾಗ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಅತಿ ಕಡಿಮೆ ಕಂಡದ್ದು ನ್ಯೂಯಾರ್ಕಿನ ಕೊಲಂಬಿಯಾದಲ್ಲಿ. ಅಲ್ಲಿ ಮೊದಲಿನಿಂದಲೇ ಸಿಪ್ಯಾಪ್ ಬಳಸುವ ಪದ್ಧತಿ ಇತ್ತು. ಹಾಗಂತ ಸಿಪ್ಯಾಪ್ ಮಾಯಾಮಂತ್ರ ಅಲ್ಲ. 2008ರಲ್ಲಿ ಪ್ರಕಟವಾದ, 25ರಿಂದ 28 ವಾರದ ಮಕ್ಕಳ ದೊಡ್ಡ ಅಧ್ಯಯನವೊಂದರಲ್ಲಿ ಸಿಪ್ಯಾಪ್‌ನಿಂದ ಶುರು ಮಾಡಿದ ಮಕ್ಕಳಲ್ಲಿ ಶ್ವಾಸಕೋಶ ತೂತಾಗಿ ಗಾಳಿ ಸೋರಿದ್ದು 9 ಪರ್ಸೆಂಟ್, ಟ್ಯೂಬ್ ಹಾಕಿದವರಲ್ಲಿ 3 ಪರ್ಸೆಂಟ್. ಕೆಲವು ಮಕ್ಕಳಿಗೆ ವೆಂಟಿಲೇಟರ್ ಬೇಕೇ ಬೇಕು. ನಮ್ಮ ಗೆಳತಿಯ ಅಕ್ಕನ ಮಗುವಿಗೂ ಬೇಕಾಗಿತ್ತು. ಯಾವಾಗ ಹಾಕಬೇಕು, ಯಾವಾಗ ತೆಗೀಬೇಕು ಅನ್ನೋದರಲ್ಲೇ ವೈದ್ಯರ ಕೈಚಳಕ ಇರೋದು.

ಇನ್ನೊಂದು ಸಣ್ಣ ವಿಷಯ, ನಮ್ಮ ಮಲೆನಾಡಿನವರಿಗಾಗಿ. ಮೂಡಿಗೆರೆಯ ಜುಲೈ ಮಂಜಿನಲ್ಲಿ ಗಾಳಿ ಎಷ್ಟು ತೇವ ಅಂತ ನಮಗೆ ಗೊತ್ತು. 20 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿಯ ಒಂದು ಲೀಟರಿನಲ್ಲಿ ಸುಮಾರು 17 ಮಿಲಿಗ್ರಾಂ ನೀರಾವಿ ಇರುತ್ತೆ. ಶ್ವಾಸಕೋಶಕ್ಕೆ ಬೇಕಾದದ್ದು 37 ಡಿಗ್ರಿಯಲ್ಲಿ 44 ಮಿಲಿಗ್ರಾಂ. ಅಂದರೆ ನಮ್ಮ ಮಂಜಿನ ಗಾಳಿಯೂ ಮಗುವಿನ ಲೆಕ್ಕದಲ್ಲಿ ಅರ್ಧಕ್ಕಿಂತ ಒಣ. ಮೂಗು ಮಾಡಬೇಕಾದ ಈ ಕೆಲಸವನ್ನ ಟ್ಯೂಬ್ ತಪ್ಪಿಸುತ್ತೆ. ಬಿಸಿ ಮಾಡಿ ತೇವ ತುಂಬದೆ ಗಾಳಿ ಕೊಟ್ಟರೆ ಒಳಗೋಡೆ ಒಣಗಿ ಸುಲಿಯುತ್ತೆ.

ಕಾಫಿಯ ಪಾಲು

ಟ್ಯೂಬ್ ತೆಗೆದ ಮೇಲೂ ಒಂದು ತೊಂದರೆ ಉಳಿಯುತ್ತೆ. ತಿಂಗಳು ತುಂಬದ ಮಕ್ಕಳು ಉಸಿರಾಡೋದನ್ನೇ ಮರೆತುಬಿಡ್ತಾರೆ. ಮಿದುಳಿನ ಉಸಿರಾಟದ ಕೇಂದ್ರ ಇನ್ನೂ ಪಕ್ವವಾಗಿರಲ್ಲ. 20 ಸೆಕೆಂಡ್ ಉಸಿರು ನಿಂತರೆ ಅಲಾರಂ ಹೊಡೆಯುತ್ತೆ, ಮತ್ತೆ ಮತ್ತೆ ಹಾಗಾದರೆ ಮತ್ತೆ ವೆಂಟಿಲೇಟರ್. ಇದಕ್ಕೆ ಕೊಡುವ ಔಷಧಿ ಯಾವುದು ಗೊತ್ತಾ? ಕೆಫೀನ್!

ಹೌದು, ನಮ್ಮ ಬೆಟ್ಟಗಳ ಕಾಫಿಯಲ್ಲಿರುವ ಅದೇ ಕೆಫೀನ್. 1819ರಲ್ಲಿ ಜರ್ಮನಿಯ ರುಂಗೆ ಕಾಫಿ ಬೀಜದಿಂದ ಬೇರ್ಪಡಿಸಿದ್ದು. ನಮಗೆ ನಿದ್ದೆ ಬರಿಸುವ ಅಡೆನೋಸಿನ್ ಅಣುವಿನ ಜಾಗದಲ್ಲಿ ಇದು ಹೋಗಿ ಕೂರುತ್ತೆ. ಪರೀಕ್ಷೆ ಹಿಂದಿನ ರಾತ್ರಿ ನಮ್ಮನ್ನ ಎಚ್ಚರ ಇಡುವ ಹಾಗೇ ಮಗುವಿನ ಉಸಿರಾಟದ ಕೇಂದ್ರವನ್ನೂ ಎಚ್ಚರ ಇಡುತ್ತೆ. 2006ರಲ್ಲಿ ಬಾರ್ಬರಾ ಶ್ಮಿಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ 500ರಿಂದ 1,250 ಗ್ರಾಂ ತೂಕದ 2,006 ಮಕ್ಕಳಿದ್ದರು. 36ನೇ ವಾರದ ಹೊತ್ತಿಗೂ ಆಮ್ಲಜನಕ ಬೇಕಾಗಿದ್ದವರು ಕೆಫೀನ್ ಪಡೆದವರಲ್ಲಿ ಸುಮಾರು 36 ಪರ್ಸೆಂಟ್, ಪಡೆಯದವರಲ್ಲಿ ಸುಮಾರು 47. ಕೆಫೀನ್ ಪಡೆದ ಮಕ್ಕಳು ಒಂದು ವಾರ ಮೊದಲೇ ಒತ್ತಡದ ಗಾಳಿಯಿಂದ ಬಿಡುಗಡೆಯಾದರು. ಮೆಷಿನ್ ದಿನ ಕಡಿಮೆ, ಗಾಯವೂ ಕಡಿಮೆ.

ಒಂದು ಕೆಜಿ ಮಗುವಿನ ಮೊದಲ ಡೋಸಿನಲ್ಲಿರುವ ಶುದ್ಧ ಕೆಫೀನ್ ಸುಮಾರು 10 ಮಿಲಿಗ್ರಾಂ. ಅರೇಬಿಕಾ ಬೀಜದಲ್ಲಿ ಕೆಫೀನ್ ಒಂದು ಪರ್ಸೆಂಟ್ ಆಸುಪಾಸು. ಅಂದರೆ ಒಂದು ಗ್ರಾಂ ಬೀಜದಲ್ಲಿರುವಷ್ಟು, ಕೈಯಲ್ಲಿ ಹಿಡಿದರೆ ಐದಾರು ಬೀಜ. (ಇದು ಆಸ್ಪತ್ರೆಯಲ್ಲಿ ಅಳೆದು ಕೊಡುವ ಔಷಧಿ. ಯಾರೂ ಮನೆಯಲ್ಲಿ ಮಗುವಿಗೆ ಕಾಫಿ ಕುಡಿಸೋಕೆ ಹೋಗಬೇಡಿ ಮಾರಾಯ್ರೆ!)

ಘಟ್ಟದ ರಸ್ತೆಯೇ ಮೊದಲ ವಾರ್ಡು

ಇಷ್ಟು ಹೊತ್ತು ಹೇಳಿದ್ದು ಆಸ್ಪತ್ರೆಯ ಒಳಗಿನ ಮಾತು. ಕಳಸದಿಂದ ಚಿಕ್ಕಮಗಳೂರಿಗೆ 90 ಕಿಲೋಮೀಟರ್ ಆಸುಪಾಸು, ಅಷ್ಟೂ ತಿರುವು. ಮಂಗಳೂರು, ಉಡುಪಿ ಕಡೆ ಹೋಗಬೇಕಂದರೆ ಘಟ್ಟ ಇಳೀಬೇಕು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಭದ್ರಾ ತುಂಬಿದರೆ ಹೆಬ್ಬಾಳೆ ಸೇತುವೆ ಮುಳುಗಿ ಕಳಸ-ಹೊರನಾಡಿನ ನೇರ ದಾರಿಯೇ ತಪ್ಪುತ್ತೆ. ಇಂಥ ದಾರಿಯಲ್ಲಿ ತಿಂಗಳು ತುಂಬದ ಮಗುವನ್ನ ಸಾಗಿಸುವಾಗ ಏನಾಗಬಹುದು?

ಕೈಯಲ್ಲಿ ಒತ್ತುವ ಉಸಿರಾಟದ ಚೀಲವನ್ನೇ ತೆಗೆದುಕೊಳ್ಳಿ. ನವಜಾತ ಶಿಶುಗಳ ಚೀಲದ ಗಾತ್ರವೇ ಸುಮಾರು 250 ಮಿಲಿಲೀಟರ್. ಬೇಕಾದದ್ದು 5. ತಿರುವಿನಲ್ಲಿ ಗಾಡಿ ವಾಲಿದಾಗ ಕೈ ಸ್ವಲ್ಪ ಹೆಚ್ಚು ಒತ್ತಿದರೆ ಏನಾಗುತ್ತೆ ಅಂತ ಆ ಕುರಿಮರಿಗಳ ಕಥೆ ಹೇಳುತ್ತೆ. ಅದಕ್ಕೇ ಸಾಧ್ಯವಾದಾಗಲೆಲ್ಲ ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು ಅಂತ ವೈದ್ಯರು ಹೇಳೋದು. ಗರ್ಭಕ್ಕಿಂತ ಒಳ್ಳೆಯ ಟ್ರಾನ್ಸ್‌ಪೋರ್ಟ್ ಇನ್‌ಕ್ಯುಬೇಟರ್ ಇನ್ನೂ ಯಾರೂ ಮಾಡಿಲ್ಲ.

ಇನ್ನು ಆ ಇಂಜೆಕ್ಷನ್. ಹತ್ತಿರದ ಆಸ್ಪತ್ರೆಯಲ್ಲಿ ಗೆಳತಿಯ ಅಕ್ಕನಿಗೆ ಕೊಟ್ಟದ್ದು ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್. ತಾಯಿಗೆ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಪಕ್ವವಾಗುತ್ತೆ ಅಂತ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ 1972ರಲ್ಲೇ ತೋರಿಸಿದ್ದರು. ಬಡ ದೇಶಗಳಲ್ಲೂ ಇದು ಕೆಲಸ ಮಾಡುತ್ತಾ ಅಂತ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿದ ಅಧ್ಯಯನದಲ್ಲಿ ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರೂ ಇದ್ದರು. 2020ರಲ್ಲಿ ಬಂದ ಫಲಿತಾಂಶ: ಇಂಜೆಕ್ಷನ್ ಪಡೆದ ತಾಯಂದಿರ ಮಕ್ಕಳಲ್ಲಿ ಮೊದಲ 28 ದಿನದ ಸಾವು 19.6 ಪರ್ಸೆಂಟ್, ಪಡೆಯದವರಲ್ಲಿ 23.5. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲೇ ಮೊದಲ ಡೋಸ್ ಕೊಡಬಹುದು ಅಂತ ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯಲ್ಲಿದೆ. ಕಳಸದಂಥ ಊರಿಗೆ ಇದು ಯಾವ ಮೆಷಿನ್ನಿಗೂ ಕಡಿಮೆಯಲ್ಲ.

ಮೆಷಿನ್ ಮಾಡುವವರ ಕಥೆಯೂ ಒಂದಿದೆ. ಬೆಂಗಳೂರಿನ ಕೊಇಯೊ ಲ್ಯಾಬ್ಸ್‌ನ ನಿತೇಶ್ ಕುಮಾರ್ ಜಾಂಗಿರ್ ಮತ್ತು ಸಂಗಡಿಗರು 'ಸಾಂಸ್' ಅನ್ನೋ ಸಿಪ್ಯಾಪ್ ಸಾಧನ ಮಾಡಿದರು. ಕರೆಂಟಿನಲ್ಲಿ, ಬ್ಯಾಟರಿಯಲ್ಲಿ, ಸಿಲಿಂಡರ್ ಗಾಳಿಯಲ್ಲಿ, ಏನೂ ಇಲ್ಲದಿದ್ದರೆ ಕೈಯಲ್ಲಿ ಪಂಪ್ ಮಾಡಿಯೂ ನಡೆಯುತ್ತೆ. ದೊಡ್ಡ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ಮಕ್ಕಳು ತೀರಿಹೋಗೋದನ್ನ ತಪ್ಪಿಸೋಕೆ ಹುಟ್ಟಿದ ಯೋಚನೆ ಇದು. 2019ರಲ್ಲಿ ಕಾಮನ್‌ವೆಲ್ತ್ ಸಂಸ್ಥೆ ಜಾಂಗಿರ್ ಅವರಿಗೆ ನಾವೀನ್ಯತೆಯ ಪ್ರಶಸ್ತಿ ಕೊಟ್ಟಿತು. ಅವರೂ ನಮ್ಮ ಹಾಗೇ ಇಂಜಿನಿಯರಿಂಗ್ ಓದಿದವರು.

ಫೈನಲ್ ಇಯರ್ ಪ್ರಾಜೆಕ್ಟಿಗೆ ಐಡಿಯಾ ಹುಡುಕುತ್ತಿರುವವರು ಒಂದು ಸಲ ಈ ಕಡೆ ನೋಡಿ. 5 ಮಿಲಿಲೀಟರ್ ಉಸಿರಿನ, ಹಿಗ್ಗುವ ಗುಣ ಬದಲಾಯಿಸಬಹುದಾದ ಒಂದು ಕೃತಕ ಶ್ವಾಸಕೋಶ ಮಾಡಬಹುದು. ಉಸಿರಾಟದ ಚೀಲಕ್ಕೆ ಕೂರಿಸುವ ಅಗ್ಗದ ಗಾತ್ರ ಮಾಪಕ ಮಾಡಿ ಕಲಿಯುವ ನರ್ಸ್‌ಗಳಿಗೆ ಕೊಡಬಹುದು. ಘಟ್ಟದ ರಸ್ತೆಯಲ್ಲಿ ಆಂಬ್ಯುಲೆನ್ಸ್ ಒಳಗಿನ ಅದುರುವಿಕೆ ಎಷ್ಟು ಅಂತ ಅಳೆಯಬಹುದು. ಮಗುವಿನ ಹತ್ತಿರ ಹೋಗುವ ಸಾಧನಕ್ಕೆ ವೈದ್ಯರ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕೇ ಬೇಕು. ಟೆಸ್ಟ್ ಬೆಂಚಿನ ಕೆಲಸಕ್ಕೆ ನಮ್ಮ ಲ್ಯಾಬ್ ಸಾಕು.

ಅಜ್ಜಿಗೆ ಹೇಳಿದ್ದು

ಕೊನೆಗೆ ನಾವು ಗೆಳತಿಗೆ ಫೋನ್ ಮಾಡಿ ಹೇಳಿದ್ದು ಸೂತ್ರ ಅಲ್ಲ. ಅಜ್ಜಿ ಜೀವನವಿಡೀ ಕಾಫಿ ನರ್ಸರಿಯಲ್ಲಿ ಕೆಲಸ ಮಾಡಿದವರು. "ಬುಟ್ಟಿಯ ಸಸಿಗೆ ನೀರು ಬೇಕು, ಹಾಗಂತ ಬಿಂದಿಗೆಯಲ್ಲಿ ಸುರಿಯೋ ಹಾಗಿಲ್ಲ, ಅಲ್ವಾ ಅಜ್ಜಿ? ಮೇಲೆ ಚಪ್ಪರವೂ ಬೇಕು, ಆದರೆ ಯಾವಾಗಲೂ ಅಲ್ಲ. ಡಾಕ್ಟರು ಚಪ್ಪರ ತೆಳು ಮಾಡ್ತಿದ್ದಾರೆ, ಅಷ್ಟೇ" ಅಂತ ಹೇಳು ಅಂದೆವು.

ಐದನೇ ದಿನ ಟ್ಯೂಬ್ ತೆಗೆದರು. ಆಮೇಲೆ ಮೂರು ವಾರ ಸಿಪ್ಯಾಪ್, ಜೊತೆಗೆ ಕೆಫೀನ್, ತಾಯಿಯ ಎದೆಗೆ ಅಪ್ಪಿಕೊಂಡು ಮಲಗಿಸುವ ಕಾಂಗರೂ ಆರೈಕೆ. ಎರಡು ತಿಂಗಳ ಮೇಲೆ ಮಗು ಮನೆಗೆ ಬಂತು. ಶ್ವಾಸಕೋಶ ಇನ್ನೂ ಬೆಳೀತಾ ಇರೋದರಿಂದ ಹೊಗೆ ತಾಗಿಸಬೇಡಿ, ಲಸಿಕೆ ತಪ್ಪಿಸಬೇಡಿ, ನೆಗಡಿ ಇದ್ದವರು ಹತ್ತಿರ ಬರಬೇಡಿ ಅಂತ ಡಾಕ್ಟರ್ ಹೇಳಿ ಕಳಿಸಿದ್ದರು. ಅವರ ಮನೆಯ ಬಚ್ಚಲ ಒಲೆ ಮಗು ಮಲಗುವ ಕೋಣೆಯ ಪಕ್ಕದಲ್ಲೇ ಇತ್ತು. ಕಟ್ಟಿಗೆ ಹೊಗೆ ನೇರ ಒಳಗೆ ಬರುತ್ತಿತ್ತು.

ಅಜ್ಜಿ ಮೊದಲು ಮಾಡಿಸಿದ ಕೆಲಸ, ಆ ಒಲೆಯನ್ನ ಕೀಳಿಸಿ ಅಂಗಳದ ಆಚೆ ಹಾಕಿಸಿದ್ದು.